ಕಪ್ಪುಕುಳಿ ಮತ್ತು ಎಕ್ಸ್‌ರೇ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಿಗ್ರಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಬಿಡುವಿದ್ದಾಗ ಶಾಲೆಗಳಿಗೆ ಹೋಗಿ ಕಪ್ಪುಕುಳಿಗಳ (ಬ್ಲ್ಯಾಕ್ ಹೋಲ್) ಬಗ್ಗೆ ಮಾತಾಡುವುದು ಹವ್ಯಾಸ. ಎಂಎಸ್ಸಿ ಪ್ರಾಜೆಕ್ಟ್‌ಗಾಗಿ ಆರು ತಿಂಗಳು ಉಪಗ್ರಹದ ಎಕ್ಸ್‌ರೇ ಫೈಲುಗಳ ಜೊತೆ ಗುದ್ದಾಡಿದ್ದೆ, ಆ ಚಟ ಇನ್ನೂ ಬಿಟ್ಟಿಲ್ಲ. ಮಾತು ಮುಗಿದ ಮೇಲೆ ಮಕ್ಕಳು, ಮೇಷ್ಟ್ರುಗಳು, ಬಿಸಿಯೂಟ ಬಡಿಸುವ ಅಕ್ಕಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹೇಳಿದ್ದನ್ನೇ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಕಪ್ಪುಕುಳಿಯಿಂದ ಬೆಳಕೇ ತಪ್ಪಿಸಿಕೊಳ್ಳಲ್ಲ ಅಂತೀರಿ. ಮತ್ತೆ ಎಕ್ಸ್‌ರೇ ಎಲ್ಲಿಂದ ಬಂತು?

ಎಲ್ಲ ಕಡೆ ಮೊದಲು ಬರುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೂ ಹೌದು.

ಒಳಗೆ ಹೋದದ್ದು ಹೋಯಿತು, ಅದರ ಸುದ್ದಿ ಬಿಡಿ. ನಾವು ನೋಡುವುದು ಒಳಗೆ ಹೋಗುವುದಕ್ಕೆ ಮುಂಚೆ, ಹೊಸ್ತಿಲಿನ, ಅಂದರೆ ದಾಟಿದರೆ ವಾಪಸ್ ಬರಲಾಗದ ಗಡಿಯ, ಹೊರಗೆ ನಡೆಯುವ ಗಲಾಟೆಯನ್ನು. ಕಪ್ಪುಕುಳಿಯ ಸುತ್ತ ಗಿರಗಿರನೆ ಸುತ್ತುವ ಅನಿಲ ಕಾದು ಹೊಳೆಯುತ್ತದೆ. ಆ ಹೊಳಪಿನಲ್ಲಿ ಎಕ್ಸ್‌ರೇ ಕೂಡ ಇದೆ. ಹೊಸ್ತಿಲು ದಾಟುವ ಮುಂಚೆ ಹೊರಟ ಬೆಳಕು ನಮ್ಮ ಕಡೆ ಬರಲು ಅಡ್ಡಿಯೇನಿಲ್ಲ. ಸ್ವಲ್ಪ ಸುಸ್ತಾಗಿ ಬರುತ್ತದೆ ಅಷ್ಟೇ. ಆ ಸುಸ್ತಿನ ಕತೆ ಮುಂದೆ ಇದೆ.

'ಸಕ್ರಿಯ ಗ್ಯಾಲಕ್ಸಿ' ಅಂದ್ರೆ ಏನು? ನಮ್ಮದು ಸಕ್ರಿಯ ಅಲ್ವಾ?

ದೊಡ್ಡ ಗ್ಯಾಲಕ್ಸಿಗಳ ನಟ್ಟನಡುವೆ ಹೆಚ್ಚಾಗಿ ಒಂದು ಭಾರಿ ಕಪ್ಪುಕುಳಿ ಇರುತ್ತದೆ. ಸೂರ್ಯನಿಗಿಂತ ಕೆಲವು ಲಕ್ಷ ಪಟ್ಟಿನಿಂದ ಹಿಡಿದು ನೂರಾರು ಕೋಟಿ ಪಟ್ಟು ತೂಕ. ಅದಕ್ಕೆ ಧಾರಾಳವಾಗಿ ಅನಿಲ ಸಿಗುತ್ತಿದ್ದರೆ ಗ್ಯಾಲಕ್ಸಿಯ ನಡುಭಾಗ ಧಗಧಗ ಉರಿಯುತ್ತದೆ. ಅಂಥದ್ದನ್ನು ಸಕ್ರಿಯ ಎನ್ನುತ್ತಾರೆ. ನಮ್ಮ ಆಕಾಶಗಂಗೆಯ ನಡುವೆ ಸುಮಾರು 43 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿ ಇದೆ, ಆದರೆ ಸದ್ಯ ಅದು ಉಪವಾಸದಲ್ಲಿದೆ. ಆಗಾಗ ಒಂದು ತುತ್ತು ಸಿಕ್ಕಾಗ ಎಕ್ಸ್‌ರೇಯಲ್ಲಿ ಮಿನುಗಿ ಸುಮ್ಮನಾಗುತ್ತದೆ.

ಈ ಜಾತಿಯನ್ನು ಮೊದಲು ಗುಂಪಾಗಿ ಗುರುತಿಸಿದ್ದು ಅಮೆರಿಕದ ಕಾರ್ಲ್ ಸೀಫರ್ಟ್, 1943ರಲ್ಲಿ. ಅವರು ಆರು ಗ್ಯಾಲಕ್ಸಿಗಳ ನಡುಭಾಗದ ಬೆಳಕನ್ನು ಬಿಡಿಸಿ ನೋಡಿದರು. ಅಲ್ಲಿನ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಓಡಾಡುತ್ತಿದೆ ಅನ್ನುವುದು ಕಂಡಿತು. ಆ ಆರರಲ್ಲಿ ಒಂದು ಎನ್‌ಜಿಸಿ 4151, ಸುಮಾರು 5 ಕೋಟಿ ಜ್ಯೋತಿರ್ವರ್ಷ ದೂರ. ಈ ಹೆಸರು ನೆನಪಿಟ್ಟುಕೊಳ್ಳಿ. 80 ವರ್ಷ ಕಳೆದರೂ ಹೊಸ ಉಪಕರಣ ಬಂದಾಗಲೆಲ್ಲ ಅದನ್ನು ಇದರ ಕಡೆ ತಿರುಗಿಸುತ್ತಾರೆ.

ಒಳಗೆ ಬೀಳೋ ಅನಿಲ ಸುಮ್ನೆ ಬೀಳಬಾರದಾ? ಬಿಸಿ ಯಾಕೆ ಆಗಬೇಕು?

ನೇರವಾಗಿ ಬಿದ್ದರೆ ಹೆಚ್ಚು ಬಿಸಿಯಾಗದೆ ನುಂಗಿಸಿಕೊಳ್ಳಬಹುದಿತ್ತು. ಆದರೆ ಯಾವುದೂ ನೇರ ಬೀಳುವುದಿಲ್ಲ. ಸಿಂಕಿನಲ್ಲಿ ನೀರು ಹೇಗೆ ಸುತ್ತಿ ಸುತ್ತಿ ಇಳಿಯುತ್ತದೋ ಹಾಗೆ. ಅನಿಲಕ್ಕೆ ಮೊದಲಿನಿಂದಲೇ ಸ್ವಲ್ಪ ಅಡ್ಡ ಚಲನೆ ಇರುತ್ತದೆ. ಒಳಗೆ ಬಂದಂತೆ ಸುತ್ತುವ ವೇಗ ಜಾಸ್ತಿಯಾಗುತ್ತದೆ. ಕೊನೆಗೆ ಒಂದು ತೆಳ್ಳನೆಯ ತಟ್ಟೆಯಾಗಿ ಹರಡಿಕೊಳ್ಳುತ್ತದೆ.

ತಟ್ಟೆಯ ಒಳಸುತ್ತು ಬೇಗ ಓಡುತ್ತದೆ, ಹೊರಸುತ್ತು ನಿಧಾನ. ಇವೆರಡರ ನಡುವೆ ಎಳೆದಾಟ. ಈ ಎಳೆದಾಟಕ್ಕೆ ಕಾರಣ ಬರೀ ತಿಕ್ಕಾಟ ಅಲ್ಲ. ಅನಿಲದೊಳಗೆ ಕಾಂತಕ್ಷೇತ್ರದ ಎಳೆಗಳಿವೆ, ಅವು ರಬ್ಬರ್ ಬ್ಯಾಂಡಿನಂತೆ ಒಳಸುತ್ತನ್ನೂ ಹೊರಸುತ್ತನ್ನೂ ಬಿಗಿದಿಟ್ಟು ಎಲ್ಲವನ್ನೂ ಕಲಕಿಬಿಡುತ್ತವೆ. ಈ ಅಸ್ಥಿರತೆಯ ಗಣಿತವನ್ನು 1960ರಲ್ಲೇ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬರೆದಿದ್ದರು. ಅದು ಕಪ್ಪುಕುಳಿಯ ತಟ್ಟೆಗೂ ಹೊಂದುತ್ತದೆ ಅಂತ ಜನಕ್ಕೆ ಹೊಳೆದದ್ದು ಮೂವತ್ತು ವರ್ಷ ಬಿಟ್ಟು, 1991ರಲ್ಲಿ. ಅಲ್ಲಿಯವರೆಗೆ ಎಲ್ಲರೂ 'ಏನೋ ಒಂದು ಜಿಗುಟು ಇದೆ' ಅಂತ ಹೇಳಿಕೊಂಡು ಲೆಕ್ಕ ಮಾಡುತ್ತಿದ್ದರು.

ಈ ದಾರಿಯಲ್ಲಿ ಸಿಗುವ ಶಕ್ತಿ ಎಷ್ಟು ಗೊತ್ತಾ? ಸೂರ್ಯನೊಳಗೆ ಹೈಡ್ರೋಜನ್ ಬೆಸೆದರೆ ತೂಕದ ಶೇಕಡ 0.7 ಮಾತ್ರ ಬೆಳಕಾಗುತ್ತದೆ. ಕಪ್ಪುಕುಳಿಗೆ ಬೀಳುವ ದಾರಿಯಲ್ಲಿ ಶೇಕಡ 6ರಿಂದ, ಕಪ್ಪುಕುಳಿ ಜೋರಾಗಿ ತಿರುಗುತ್ತಿದ್ದರೆ 42ರವರೆಗೂ ಸಿಗಬಹುದು. 10 ಕೋಟಿ ಸೂರ್ಯರಷ್ಟು ತೂಕದ ಕಪ್ಪುಕುಳಿ ವರ್ಷಕ್ಕೆ ಸುಮಾರು ಎರಡು ಸೂರ್ಯರಷ್ಟು ಅನಿಲ ತಿಂದರೆ ಸಾಕು, 3 ಲಕ್ಷ ಕೋಟಿ ಸೂರ್ಯರಷ್ಟು ಬೆಳಗುತ್ತದೆ. ತಿನ್ನುವುದು ಹಿಡಿಯಷ್ಟು, ಗದ್ದಲ ಊರಷ್ಟು.

ಹಾಗಾದ್ರೆ ಎಕ್ಸ್‌ರೇ ಬರೋದು ಆ ತಟ್ಟೆಯಿಂದಾನೇ?

ಇಲ್ಲ! ಪತ್ರಿಕೆಗಳಲ್ಲಿ ಅತಿ ಹೆಚ್ಚು ತಪ್ಪಾಗುವ ಜಾಗ ಇದೇ. 'ಬಿಸಿ ಅನಿಲದ ತಟ್ಟೆ ಎಕ್ಸ್‌ರೇ ಹೊರಸೂಸುತ್ತದೆ' ಎಂದು ಬರೆದುಬಿಡುತ್ತಾರೆ. ನಕ್ಷತ್ರ ಸತ್ತು ಆದ ಚಿಕ್ಕ ಕಪ್ಪುಕುಳಿಗೆ ಅದು ಸರಿ, ಅಲ್ಲಿ ತಟ್ಟೆ ಒಂದು ಕೋಟಿ ಡಿಗ್ರಿವರೆಗೆ ಕಾಯುತ್ತದೆ. ಆದರೆ ಕಪ್ಪುಕುಳಿ ದೊಡ್ಡದಾದಷ್ಟೂ ತಟ್ಟೆ ತಣ್ಣಗಾಗುತ್ತದೆ. ಕೇಳಲು ವಿಚಿತ್ರ, ಆದರೂ ಲೆಕ್ಕ ಹಾಗೇ ಬರುತ್ತದೆ: ಬೆಳಕು ಹೊರಹೋಗಲು ಇರುವ ಜಾಗ, ಸುಡುವ ಅನಿಲಕ್ಕಿಂತ ಬೇಗ ಬೆಳೆಯುತ್ತದೆ. 10 ಕೋಟಿ ಸೂರ್ಯರ ಕಪ್ಪುಕುಳಿಯ ತಟ್ಟೆ ಸುಮಾರು ಒಂದು ಲಕ್ಷ ಡಿಗ್ರಿ. ಅಷ್ಟು ಬಿಸಿಯಲ್ಲಿ ನೇರಳಾತೀತ ಬೆಳಕು ಹುಟ್ಟುತ್ತದೆ. ಎಕ್ಸ್‌ರೇ ಹುಟ್ಟುವುದಿಲ್ಲ.

ಎಕ್ಸ್‌ರೇ ಹುಟ್ಟುವುದು ತಟ್ಟೆಯ ಹತ್ತಿರ, ಕಪ್ಪುಕುಳಿಗೆ ಅಂಟಿಕೊಂಡಂತೆ ಇರುವ ಒಂದು ಸಣ್ಣ ಎಲೆಕ್ಟ್ರಾನ್ ಮೋಡದಲ್ಲಿ. ಬಿಸಿ ಸುಮಾರು ನೂರು ಕೋಟಿ ಡಿಗ್ರಿ. ಹೆಸರು ಕರೋನಾ. ಈ ಹೆಸರು ಹೇಳಿದ ಕೂಡಲೇ ತರಗತಿಯಲ್ಲಿ ಗೊಳ್ಳೆಂದು ನಗು. ಏನು ಮಾಡುವುದು, ಸೂರ್ಯಗ್ರಹಣದ ದಿನ ಸೂರ್ಯನ ಸುತ್ತ ಕಾಣುವ ಬಿಳಿ ಪ್ರಭಾವಳಿಗೆ ಆ ಹೆಸರಿತ್ತು, ಇಲ್ಲಿಗೂ ಅದನ್ನೇ ತಂದರು. ವೈರಸ್ ಬಂದದ್ದು ಆಮೇಲೆ.

ಕರೋನಾ ಕೆಲಸ ಮಾಡುವ ರೀತಿ ಕೇರಂ ಆಡಿದವರಿಗೆ ಬೇಗ ಅರ್ಥವಾಗುತ್ತದೆ. ತಟ್ಟೆಯಿಂದ ನೇರಳಾತೀತ ಬೆಳಕಿನ ಕಣ ನಿಧಾನ ಕಾಯಿನಂತೆ ಬರುತ್ತದೆ. ಕರೋನಾದ ಎಲೆಕ್ಟ್ರಾನ್ ಸ್ಟ್ರೈಕರ್‌ನಂತೆ ಬಂದು ಹೊಡೆಯುತ್ತದೆ. ಬೆಳಕಿನ ಕಣದ ಶಕ್ತಿ ಏರುತ್ತದೆ. ಇನ್ನೊಂದು ಎಲೆಕ್ಟ್ರಾನ್ ಸಿಗುತ್ತದೆ, ಮತ್ತೊಂದು ಏಟು. ಹೀಗೆ ಕೆಲವು ಏಟು ತಿಂದು ಹೊರಬರುವಾಗ ಅದು ಎಕ್ಸ್‌ರೇ. ಒಂದೇ ವ್ಯತ್ಯಾಸ: ಬೆಳಕಿನ ವೇಗ ಹೆಚ್ಚುವುದಿಲ್ಲ, ಶಕ್ತಿ ಮಾತ್ರ ಹೆಚ್ಚುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಕಣಕ್ಕೆ 2-3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಕರೋನಾದಿಂದ ಹೊರಟದ್ದಕ್ಕೆ ಸಾವಿರದಿಂದ ಲಕ್ಷದವರೆಗೂ ಇರಬಹುದು.

ಅದರ ಫೋಟೋ ಇದೆಯಾ?

ಇಲ್ಲ. ಸಕ್ರಿಯ ಗ್ಯಾಲಕ್ಸಿಯ ಕರೋನಾವನ್ನು ಯಾವ ಎಕ್ಸ್‌ರೇ ಟೆಲಿಸ್ಕೋಪ್‌ನಲ್ಲಿ ನೋಡಿದರೂ ಒಂದು ಚುಕ್ಕೆ. 2019ರಲ್ಲಿ ಬಂದ, ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ಕಿತ್ತಳೆ ಉಂಗುರದ ಚಿತ್ರ ರೇಡಿಯೋ ಅಲೆಗಳದ್ದು.

ಮತ್ತೆ ಅಷ್ಟು ಚಿಕ್ಕದು ಅಂತ ಹೇಗೆ ಗೊತ್ತು?

ಗಡಿಯಾರ ನೋಡಿ. ನಿಜವಾಗಲೂ, ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಚಿತ್ರ ಸಿಗದ ಕಡೆ ಖಗೋಳದವರು ಸಮಯವನ್ನೇ ಅಳತೆಪಟ್ಟಿ ಮಾಡಿಕೊಂಡಿದ್ದಾರೆ.

ಒಂದು ಕೋಟಿ ಸೂರ್ಯರ ತೂಕದ ಕಪ್ಪುಕುಳಿಯ ಹೊಸ್ತಿಲು ಅದರ ನಡುವಿನಿಂದ 3 ಕೋಟಿ ಕಿಲೋಮೀಟರ್. ಬೆಳಕು ಅಷ್ಟು ದೂರ ಹೋಗಲು 100 ಸೆಕೆಂಡು ಬೇಕು. ಈಗ ಒಂದು ವಸ್ತು ಹತ್ತು ನಿಮಿಷದಲ್ಲಿ ಎರಡು ಪಟ್ಟು ಬೆಳಗಿತು ಅಂದುಕೊಳ್ಳಿ. ಆ ವಸ್ತು ಹತ್ತು ಬೆಳಕು-ನಿಮಿಷಕ್ಕಿಂತ ತುಂಬ ದೊಡ್ಡದಿರಲು ಸಾಧ್ಯವಿಲ್ಲ. ಯಾಕಂದರೆ ಈ ತುದಿಯಲ್ಲಿ ಏನಾಯಿತು ಅಂತ ಆ ತುದಿಗೆ ಗೊತ್ತಾಗುವುದಕ್ಕೇ ಅಷ್ಟು ಹೊತ್ತು ಬೇಕಲ್ವಾ? ಜಾತ್ರೆಯ ಒಂದು ಮೂಲೆಯಲ್ಲಿ ಪಟಾಕಿ ಸಿಡಿದರೆ ಇಡೀ ಜಾತ್ರೆ ಒಂದೇ ಕ್ಷಣದಲ್ಲಿ ತಿರುಗಿ ನೋಡುವುದಿಲ್ಲ.

ನಾನು ಮೊದಲ ಸಲ ಇಂಥ ಗ್ರಾಫ್ ಎಳೆದದ್ದು ಹಾಸ್ಟೆಲ್‌ನಲ್ಲಿ, ರಾತ್ರಿ ಎರಡರ ಹೊತ್ತಿಗೆ. ಅಡ್ಡಕ್ಕೆ ಸೆಕೆಂಡು, ಉದ್ದಕ್ಕೆ ಎಷ್ಟು ಎಕ್ಸ್‌ರೇ ಕಣ ಬಂತು ಅನ್ನುವ ಲೆಕ್ಕ. ನೆಟ್ಟಗಿನ ಗೆರೆ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಪಶ್ಚಿಮಘಟ್ಟದ ಅಂಚಿನ ಹಾಗೆ. ಏರು, ಇಳಿತ, ಮತ್ತೆ ಕಡಿದಾದ ಏರು. ಪ್ರೋಗ್ರಾಮ್‌ನಲ್ಲಿ ಎಲ್ಲೋ ತಪ್ಪಾಗಿದೆ ಅಂತ ಮೂರು ದಿನ ಹುಡುಕಿದೆ. ತಪ್ಪೇನೂ ಇರಲಿಲ್ಲ. ಅದರ ಸ್ವಭಾವವೇ ಹಾಗೆ.

ಇನ್ನೊಂದು ಉಪಾಯ, ಗ್ರಹಣ. ಎನ್‌ಜಿಸಿ 1365 ಅನ್ನುವ ಗ್ಯಾಲಕ್ಸಿಯನ್ನು 2006ರ ಏಪ್ರಿಲ್‌ನಲ್ಲಿ ಚಂದ್ರಾ ಅನ್ನುವ ಎಕ್ಸ್‌ರೇ ದೂರದರ್ಶಕ ಹತ್ತು ದಿನ, ಎರಡೆರಡು ದಿನಕ್ಕೊಮ್ಮೆ ನೋಡಿತು. ನಡುವೆ ಒಂದು ದಟ್ಟ ಅನಿಲದ ಮುದ್ದೆ ಅಡ್ಡ ಬಂದು ಎಕ್ಸ್‌ರೇಯನ್ನು ಮುಚ್ಚಿತು. ನಾಲ್ಕು ದಿನದೊಳಗೆ ಮುಚ್ಚಿಯೂ ಆಯಿತು, ತೆರೆದೂ ಆಯಿತು. ಮೋಡದ ವೇಗ ಅಂದಾಜು ಮಾಡಿದರೆ ಮರೆಯಾದ ವಸ್ತುವಿನ ಗಾತ್ರ ತಾನೇ ಸಿಗುತ್ತದೆ. ಅದು ಕಪ್ಪುಕುಳಿಯ ತೀರಾ ಹತ್ತಿರದ್ದೇ ಅನ್ನುವುದು ಖಚಿತವಾಯಿತು.

ಕಬ್ಬಿಣದ ಗೆರೆ ಅಂತ ಕೇಳಿದ್ದೆ. ಅಲ್ಲಿ ಕಬ್ಬಿಣ ಯಾಕೆ ಬಂತು?

ಅನಿಲ ಅಂದರೆ ಬರೀ ಹೈಡ್ರೋಜನ್ ಅಲ್ಲ. ಹಿಂದೆ ಸಿಡಿದ ನಕ್ಷತ್ರಗಳ ಕಬ್ಬಿಣವೂ ಅದರಲ್ಲಿ ಚೂರು ಬೆರೆತಿದೆ.

ಚಿನ್ನದ ಅಂಗಡಿಯಲ್ಲಿ ಹಳೆ ಒಡವೆ ಕೊಟ್ಟರೆ ಕ್ಯಾರೆಟ್ ಮೀಟರ್ ಅನ್ನುವ ಪೆಟ್ಟಿಗೆಯೊಳಗೆ ಇಡುತ್ತಾರೆ ನೋಡಿ. ಅದರೊಳಗೆ ನಡೆಯುವುದು ಇಷ್ಟೇ: ಒಡವೆಯ ಮೇಲೆ ಎಕ್ಸ್‌ರೇ ಬಿಡುತ್ತಾರೆ, ಚಿನ್ನ, ತಾಮ್ರ, ಬೆಳ್ಳಿ ತಮ್ಮ ತಮ್ಮ ಗುರುತಿನ ಎಕ್ಸ್‌ರೇಯನ್ನು ವಾಪಸ್ ಕೊಡುತ್ತವೆ, ಎಷ್ಟು ಬೆರಕೆ ಅಂತ ಗೊತ್ತಾಗುತ್ತದೆ. ಗ್ಯಾಲಕ್ಸಿಯ ನಡುವೆಯೂ ಅದೇ ಯಂತ್ರ ಇದೆ. ಎಕ್ಸ್‌ರೇ ಬಿಡುವುದು ಕರೋನಾ, ಒಡವೆ ಅಂದರೆ ತಟ್ಟೆ. ಬಡಿದ ಎಕ್ಸ್‌ರೇಗೆ ಕಬ್ಬಿಣ ಕೊಡುವ ಉತ್ತರ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್. ಪ್ರಯೋಗಾಲಯದಲ್ಲಿ ಅಳೆದು, ಯಾವ ಶಕ್ತಿಯ ಕಣ ಎಷ್ಟು ಬಂತು ಅಂತ ಗ್ರಾಫ್ ಎಳೆದರೆ ಅದು ಸೂಜಿಯಂಥ ಚೂಪು ಗೆರೆ.

ಕಪ್ಪುಕುಳಿಯ ಪಕ್ಕದಿಂದ ಬಂದಾಗ ಅದು ಸೂಜಿಯಾಗಿ ಉಳಿದಿರುವುದಿಲ್ಲ. ತಟ್ಟೆಯ ಒಂದು ಬದಿ ನಮ್ಮ ಕಡೆ ಧಾವಿಸುತ್ತಿದೆ, ಇನ್ನೊಂದು ಬದಿ ದೂರ ಓಡುತ್ತಿದೆ. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಏರಿ, ದಾಟಿದ ಮೇಲೆ ಇಳಿಯುವ ಹಾಗೆ ಗೆರೆ ಎರಡೂ ಕಡೆ ಎಳೆದುಕೊಳ್ಳುತ್ತದೆ. ಅದರ ಮೇಲೆ ಗುರುತ್ವದ ಕಂದಾಯ ಬೇರೆ. ಆಳವಾದ ಬಾವಿಯಿಂದ ಹತ್ತಿ ಬಂದವರ ಹಾಗೆ ಬೆಳಕು ಸುಸ್ತಾಗಿ ಹೊರಬರುತ್ತದೆ, ಶಕ್ತಿ ಕಡಿಮೆಯಾಗಿರುತ್ತದೆ. ಮೊದಲು ಹೇಳಿದ ಸುಸ್ತು ಇದೇ. ಎಲ್ಲ ಸೇರಿ ಗೆರೆ ಗ್ರಾಫಿನ ಬಲಕ್ಕೆ ಚೂಪಾಗಿ, ಕಡಿಮೆ ಶಕ್ತಿಯ ಕಡೆ ಅಂದರೆ ಎಡಕ್ಕೆ ಉದ್ದ ಬಾಲ ಬಿಟ್ಟುಕೊಂಡು ಕೂರುತ್ತದೆ.

ಇದನ್ನು ಸ್ಪಷ್ಟವಾಗಿ ಮೊದಲು ಕಂಡಿದ್ದು ಜಪಾನಿನ ಆಸ್ಕಾ ಉಪಗ್ರಹ. ನೋಡಿದ್ದು ಎಂಸಿಜಿ-6-30-15 ಅನ್ನುವ, ಹೆಸರಿಗೇ ಯಾರೂ ಪ್ರೀತಿಸದ ಗ್ಯಾಲಕ್ಸಿಯನ್ನು. 1995ರಲ್ಲಿ ಫಲಿತಾಂಶ ಹೊರಬಂತು. ಗೆರೆಯ ಅಗಲ ಎಷ್ಟಿತ್ತೆಂದರೆ ಅದಕ್ಕೆ ಸೆಕೆಂಡಿಗೆ ಒಂದು ಲಕ್ಷ ಕಿಲೋಮೀಟರ್ ವೇಗ ಬೇಕು. ಬೆಳಕಿನ ವೇಗದ ಮೂರನೇ ಒಂದು ಭಾಗ!

ಬಾಲ ಎಷ್ಟು ಉದ್ದ ಅಂತ ಅಳೆದರೆ ತಟ್ಟೆಯ ಒಳಅಂಚು ಕಪ್ಪುಕುಳಿಗೆ ಎಷ್ಟು ಹತ್ತಿರ ಅಂತ ಗೊತ್ತಾಗುತ್ತದೆ. ಕಪ್ಪುಕುಳಿ ಜೋರಾಗಿ ತಿರುಗುತ್ತಿದ್ದರೆ ಮಾತ್ರ ತಟ್ಟೆ ತೀರಾ ಹತ್ತಿರ ಬರಲು ಸಾಧ್ಯ. ಆಗಲೇ ಹೇಳಿದ ಎನ್‌ಜಿಸಿ 1365ರ ಕಪ್ಪುಕುಳಿ, ಸಾಧ್ಯವಿರುವ ಗರಿಷ್ಠ ತಿರುಗುವಿಕೆಯ ಶೇಕಡ 84ಕ್ಕೂ ಕಡಿಮೆಯಿಲ್ಲ ಅಂತ 2013ರಲ್ಲಿ ಲೆಕ್ಕ ಬಂತು. ಗೆರೆ ಅಗಲವಾಗಿ ಕಾಣುವುದಕ್ಕೆ ಅಡ್ಡ ಬಂದ ಮೋಡಗಳೇ ಕಾರಣ ಅಂತ ವಾದಿಸುವವರೂ ಇದ್ದರು. ಈ ಗ್ಯಾಲಕ್ಸಿಯಲ್ಲಿ ಬರೀ ಮೋಡದಿಂದ ಎಲ್ಲವನ್ನೂ ವಿವರಿಸಲು ಆಗುವುದಿಲ್ಲ ಅನ್ನುವುದು ಆ ಕೆಲಸದ ಮುಖ್ಯ ಮಾತು. ಪ್ರತಿಯೊಂದು ತಿರುಗುವಿಕೆಯ ಅಂಕಿಯನ್ನೂ ನಾನು ಕಣ್ಣು ಮುಚ್ಚಿ ನಂಬುವುದಿಲ್ಲ ಅನ್ನುವುದನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ. ಅವು ಹಿಂದಿರುವ ಮಾದರಿಯನ್ನು ತುಂಬ ನೆಚ್ಚಿಕೊಂಡಿರುತ್ತವೆ.

'ಎಕ್ಸ್‌ರೇ ಪ್ರತಿಧ್ವನಿ' ಅಂದ್ರೆ?

ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದ್ದೀರಾ? ಮೊದಲು ನಿಮ್ಮ ಚಪ್ಪಾಳೆ, ಆಮೇಲೆ ಗೋಡೆಯ ಚಪ್ಪಾಳೆ. ಕರೋನಾ ಒಮ್ಮೆ ಮಿಂಚಿದರೆ ಒಂದಷ್ಟು ಬೆಳಕು ನೇರ ನಮ್ಮ ಕಡೆ ಬರುತ್ತದೆ, ಇನ್ನೊಂದಷ್ಟು ತಟ್ಟೆಗೆ ಬಡಿದು ತಡವಾಗಿ ಬರುತ್ತದೆ. ಬಡಿದು ಬಂದದ್ದರ ಬಣ್ಣ ಬೇರೆ ಇರುವುದರಿಂದ ಎರಡನ್ನೂ ಬಿಡಿಸಬಹುದು. 2009ರಲ್ಲಿ 1ಎಚ್ 0707-495 ಅನ್ನುವ ಗ್ಯಾಲಕ್ಸಿಯಲ್ಲಿ ಈ ತಡ ಸುಮಾರು 30 ಸೆಕೆಂಡು ಅಂತ ಸಿಕ್ಕಿತು. 30 ಸೆಕೆಂಡಿನಲ್ಲಿ ಬೆಳಕು ಹೋಗುವುದು 90 ಲಕ್ಷ ಕಿಲೋಮೀಟರ್. ಸೂರ್ಯನಿಂದ ಬುಧ ಗ್ರಹಕ್ಕೆ ಇರುವಷ್ಟು ದೂರವೂ ಅಲ್ಲ. ಇನ್ನೊಂದು ಗ್ಯಾಲಕ್ಸಿಯೊಳಗಿನ ಅಷ್ಟು ಸಣ್ಣ ಸಂದನ್ನು ಚಿತ್ರವೇ ಇಲ್ಲದೆ ಅಳೆದುಬಿಟ್ಟರು.

2021ರಲ್ಲಿ ಐ ಝ್ವಿಕಿ 1 ಅನ್ನುವ ಗ್ಯಾಲಕ್ಸಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಪ್ಪುಕುಳಿಯ ಹಿಂಬದಿಯ ತಟ್ಟೆಗೆ ಬಡಿದ ಬೆಳಕು, ಗುರುತ್ವದಿಂದ ಬಾಗಿ, ಮುಂದಕ್ಕೆ ಸುತ್ತಿ ಬಂದದ್ದು ಕಂಡಿತು. ಕಂಬದ ಹಿಂದೆ ನಿಂತವರು ಕಂಡ ಹಾಗೆ.

ಈ ಕರೋನಾ ಆರಿಹೋಗುತ್ತಾ?

ಒಂದು ಕಡೆ ಹೋಗಿದೆ. 1ಇಎಸ್ 1927+654 ಅನ್ನುವ ಗ್ಯಾಲಕ್ಸಿ, ಸುಮಾರು 27 ಕೋಟಿ ಜ್ಯೋತಿರ್ವರ್ಷ ದೂರ. 2018ರ ಮೊದಲ ತಿಂಗಳುಗಳಲ್ಲಿ ಮಾಮೂಲಿ ಬೆಳಕಿನಲ್ಲಿ ಅದು ಇದ್ದಕ್ಕಿದ್ದಂತೆ ಹತ್ತಾರು ಪಟ್ಟು ಬೆಳಗಿತು. ಆಮೇಲೆ ಎಕ್ಸ್‌ರೇ ಕುಸಿಯಿತು, ಸಾವಿರ ಪಟ್ಟಿಗೂ ಮೀರಿ. ಕರೋನಾದಿಂದ ಬರುವ ಹೆಚ್ಚು ಶಕ್ತಿಯ ಎಕ್ಸ್‌ರೇ ಹೆಚ್ಚುಕಡಿಮೆ ಮಾಯವೇ ಆಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲಿರುವ ನೈಸರ್ ಉಪಕರಣ ಬಿಡದೆ ನೋಡುತ್ತಿತ್ತು. ಕೆಲವೇ ತಿಂಗಳಲ್ಲಿ ಎಕ್ಸ್‌ರೇ ವಾಪಸ್ ಬಂತು, ಹಿಂದಿಗಿಂತ ಜಾಸ್ತಿಯೇ.

ಒಲೆ ಆರಿಸಿ ಮತ್ತೆ ಹಚ್ಚಿದ ಹಾಗಲ್ವಾ? ಯಾರು ಆರಿಸಿದರು ಅನ್ನುವುದರಲ್ಲಿ ಎರಡು ಪಂಗಡ. ಹಾದಿ ತಪ್ಪಿದ ನಕ್ಷತ್ರವೊಂದು ಹತ್ತಿರ ಬಂದು ಚಿಂದಿಯಾಗಿ ತಟ್ಟೆಯನ್ನು ಕಲಕಿತು ಅನ್ನುವುದು ಒಂದು. ಕಾಂತಕ್ಷೇತ್ರ ಉಲ್ಟಾ ಆಯಿತು, ಕರೋನಾಗೆ ಆಸರೆ ತಪ್ಪಿತು ಅನ್ನುವುದು ಇನ್ನೊಂದು. ಎರಡನೆಯದೇ ಸರಿಯಿರಬಹುದು ಅನ್ನುವ ಕಡೆ ನನ್ನ ಒಲವು. ಇದೇ ಗ್ಯಾಲಕ್ಸಿಯ ಎಕ್ಸ್‌ರೇ 2022ರಲ್ಲಿ 18 ನಿಮಿಷಕ್ಕೊಮ್ಮೆ ತಾಳ ಹಾಕಲು ಶುರು ಮಾಡಿತು. 2024ರ ಹೊತ್ತಿಗೆ ತಾಳ 7 ನಿಮಿಷಕ್ಕೆ ಇಳಿದಿತ್ತು. ಕಪ್ಪುಕುಳಿ ವಿಷಯದಲ್ಲಿ ಸಿನಿಮಾ ಕತೆ ಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಇದನ್ನೆಲ್ಲ ಭೂಮಿಯಿಂದಲೇ ನೋಡೋಕೆ ಆಗಲ್ವಾ? ನಮಗೆ ಅಪಾಯ ಇಲ್ವಾ?

ಆಗುವುದಿಲ್ಲ. ಅಪಾಯವೂ ಇಲ್ಲ. ಎರಡಕ್ಕೂ ಕಾರಣ ಒಂದೇ: ತಲೆಯ ಮೇಲಿನ ಗಾಳಿ. ಎಕ್ಸ್‌ರೇಗೆ ಅದು ಹತ್ತು ಮೀಟರ್ ದಪ್ಪದ ನೀರಿನ ಗೋಡೆಗೆ ಸಮ. ಗಾಳಿಯಾಚೆ ಹೋಗಿ ಅಳೆದರೂ ಸಿಗುವುದು ಚಿಲ್ಲರೆ. ಎನ್‌ಜಿಸಿ 4151 ನಮ್ಮ ಆಕಾಶದ ಪ್ರಖರ ಸಕ್ರಿಯ ಗ್ಯಾಲಕ್ಸಿಗಳಲ್ಲಿ ಒಂದು. ಅದರಿಂದ ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಬೀಳುವ ಎಕ್ಸ್‌ರೇ ಕಣ ನಿಮಿಷಕ್ಕೆ ಒಂದೋ ಎರಡೋ.

ಹಾಗಾಗಿ ಮೇಲೆ ಹೋಗಲೇಬೇಕು. 1962ರ ಜೂನ್ 18ರಂದು ರಿಕಾರ್ಡೊ ಜಕೋನಿ ತಂಡ ನ್ಯೂ ಮೆಕ್ಸಿಕೋದಿಂದ ಒಂದು ಸಣ್ಣ ರಾಕೆಟ್ ಹಾರಿಸಿತು. ಚಂದ್ರನಿಂದ ಎಕ್ಸ್‌ರೇ ಬರುತ್ತಾ ಅಂತ ನೋಡುವುದು ಉದ್ದೇಶ. ಗಾಳಿಯ ಮೇಲೆ ಇದ್ದದ್ದು ಐದಾರು ನಿಮಿಷ. ಚಂದ್ರ ಸಿಗಲಿಲ್ಲ. ಸಿಕ್ಕಿದ್ದು ವೃಶ್ಚಿಕ ರಾಶಿಯಲ್ಲಿ ಒಂದು ಪ್ರಖರ ಮೂಲ, ಜೊತೆಗೆ ಇಡೀ ಆಕಾಶದಿಂದ ಬರುವ ಮಸುಕು ಹೊಳಪು. ಆ ಹೊಳಪು ಏನು ಅನ್ನುವುದಕ್ಕೆ ನಾಲ್ಕು ದಶಕ ಬೇಕಾಯಿತು: ಹೆಚ್ಚಿನ ಪಾಲು ಇವೇ ಸಕ್ರಿಯ ಗ್ಯಾಲಕ್ಸಿಗಳು, ಲಕ್ಷ ಲಕ್ಷ ಸಂಖ್ಯೆಯಲ್ಲಿ. ಜಕೋನಿಗೆ 2002ರಲ್ಲಿ ನೊಬೆಲ್ ಬಂತು. ಅಂದಹಾಗೆ ಚಂದ್ರನ ಎಕ್ಸ್‌ರೇ ಚಿತ್ರವೂ ಕೊನೆಗೆ ಸಿಕ್ಕಿತು, 1990ರಲ್ಲಿ, ರೋಸಾಟ್ ಉಪಗ್ರಹಕ್ಕೆ.

ಎಕ್ಸ್‌ರೇ ಹುಡುಕಲೆಂದೇ ಮಾಡಿದ ಮೊದಲ ಉಪಗ್ರಹ ಹಾರಿದ್ದು ಕೀನ್ಯಾ ಕರಾವಳಿಯಿಂದ, 1970ರ ಡಿಸೆಂಬರ್ 12ರಂದು. ಅಂದು ಕೀನ್ಯಾದ ಸ್ವಾತಂತ್ರ್ಯ ದಿನ. ಅದಕ್ಕೇ ಹೆಸರು ಉಹುರು, ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ. ಅದು ಹಿಡಿದ ಸಕ್ರಿಯ ಗ್ಯಾಲಕ್ಸಿಗಳಲ್ಲಿ ನಮ್ಮ ಎನ್‌ಜಿಸಿ 4151 ಕೂಡ ಇತ್ತು.

ಎಕ್ಸ್‌ರೇ ಕನ್ನಡಿಯನ್ನೂ ತೂರಿಕೊಂಡು ಹೋಗಲ್ವಾ? ಟೆಲಿಸ್ಕೋಪ್ ಹೇಗೆ ಮಾಡ್ತಾರೆ?

ನೇರ ಬಿದ್ದರೆ ತೂರುತ್ತದೆ, ಇಲ್ಲವೇ ಅಲ್ಲೇ ಹೀರಿಹೋಗುತ್ತದೆ. ಕೆರೆಗೆ ಕಲ್ಲನ್ನು ಮೇಲಿನಿಂದ ಹಾಕಿದರೆ ಮುಳುಗುತ್ತದೆ. ಚಪ್ಪಟೆ ಕಲ್ಲನ್ನು ನೀರಿಗೆ ಸವರುವ ಹಾಗೆ ಎಸೆದರೆ ಕಪ್ಪೆಯಂತೆ ಕುಪ್ಪಳಿಸಿಕೊಂಡು ಹೋಗುತ್ತದೆ. ಎಕ್ಸ್‌ರೇ ಕನ್ನಡಿಗಳೂ ಅಷ್ಟೇ. ಬೆಳಕು ಸವರಿಕೊಂಡು ಹೋಗುವಂತೆ ಕೊಳವೆಯ ಆಕಾರದಲ್ಲಿ, ಒಂದರೊಳಗೊಂದು ಡಬ್ಬಿ ಇಟ್ಟ ಹಾಗೆ ಜೋಡಿಸುತ್ತಾರೆ. 2012ರಲ್ಲಿ ಹಾರಿದ ಎಕ್ಸ್‌ರೇ ದೂರದರ್ಶಕ ನೂಸ್ಟಾರ್‌ನ ಒಂದೊಂದು ಕನ್ನಡಿಯಲ್ಲೂ ಇಂಥ 133 ಪದರ.

ಹೊಸದಾಗಿ ಏನು ಬಂದಿದೆ?

ಕ್ರಿಸಂ ಅನ್ನುವ ಎಕ್ಸ್‌ರೇ ಉಪಗ್ರಹ. ಜಪಾನಿನದು, 2023ರ ಸೆಪ್ಟೆಂಬರ್‌ನಲ್ಲಿ ಹಾರಿತು. ಇದರ ಹಿಂದಿನ ಕತೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಅದರೊಳಗಿನ ಮುಖ್ಯ ಉಪಕರಣ ಒಂದು ಥರ್ಮಾಮೀಟರ್. 36 ಪುಟ್ಟ ಚೌಕ, ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗ ಮಾತ್ರ ಮೇಲೆ. ಒಂದು ಎಕ್ಸ್‌ರೇ ಕಣ ಬಂದು ಬಿದ್ದರೆ ಚೌಕ ಕೂದಲೆಳೆಯಷ್ಟು ಬಿಸಿಯಾಗುತ್ತದೆ. ಆ ಬಿಸಿ ಅಳೆದು ಕಣದ ಶಕ್ತಿ ಹೇಳುತ್ತಾರೆ. ಇಂಥದ್ದನ್ನು ಆಕಾಶಕ್ಕೆ ಕಳಿಸುವ ಮೊದಲ ಪ್ರಯತ್ನ 2000ದಲ್ಲಿ, ರಾಕೆಟ್ಟೇ ಕೈಕೊಟ್ಟಿತು. 2005ರಲ್ಲಿ ಸುಜಾಕು ಹೋಯಿತು, ಕೆಲವೇ ವಾರದಲ್ಲಿ ತಂಪಿಗಿಟ್ಟ ಹೀಲಿಯಂ ಎಲ್ಲ ಆವಿಯಾಯಿತು. 2016ರ ಫೆಬ್ರವರಿಯಲ್ಲಿ ಹಿಟೋಮಿ ಹೋಯಿತು, ಒಂದು ಗ್ಯಾಲಕ್ಸಿ ಗುಂಪಿನ ಅದ್ಭುತವಾದ ಮಾಹಿತಿ ಕಳಿಸಿತು, ಮಾರ್ಚ್ 26ಕ್ಕೆ ನಿಯಂತ್ರಣ ತಪ್ಪಿ ಗಿರಗಿರ ಸುತ್ತಿ ಒಡೆದುಹೋಯಿತು. ನಾಲ್ಕನೆಯದು ಕ್ರಿಸಂ. ಅದಕ್ಕೂ ಒಂದು ಕಂಟಕ: ಉಪಕರಣದ ಮುಂದಿನ ಬಾಗಿಲು ತೆರೆಯಲೇ ಇಲ್ಲ. ಬಾಗಿಲಲ್ಲಿ ಬೆರಿಲಿಯಂ ಕಿಟಕಿ ಇದ್ದದ್ದರಿಂದ ಕಡಿಮೆ ಶಕ್ತಿಯ ಎಕ್ಸ್‌ರೇ ಮಾತ್ರ ನಿಂತುಹೋಯಿತು. ಕಬ್ಬಿಣದ ಗೆರೆ ಆರಾಮಾಗಿ ದಾಟುತ್ತದೆ.

ಆ ಮುಚ್ಚಿದ ಬಾಗಿಲಿನ ಹಿಂದಿನಿಂದಲೇ ಅದು ಎನ್‌ಜಿಸಿ 4151 ನೋಡಿತು. ಹಿಂದೆ ಒಂದೇ ಗೆರೆಯಾಗಿ ಕಂಡದ್ದು ಈಗ ಮೂರು ಪಾಲಾಗಿ ಬಿಡಿಸಿಕೊಂಡಿತು: ಒಳಗಿನ ತಟ್ಟೆಯದು, ಅದರಾಚೆ ಓಡಾಡುವ ಮೋಡಗಳದು, ಇನ್ನೂ ಆಚೆಯ ದೂಳಿನ ಉಂಗುರದ್ದು. ಪಿಡಿಎಸ್ 456 ಅನ್ನುವ ಕ್ವೇಸಾರ್‌ನಲ್ಲಿ (ತೀರಾ ಪ್ರಖರವಾದ ಸಕ್ರಿಯ ಗ್ಯಾಲಕ್ಸಿ) ಬೆಳಕಿನ ವೇಗದ ಶೇಕಡ 20-30ರಷ್ಟು ವೇಗದಲ್ಲಿ ಹೊರಬೀಸುವ ಗಾಳಿ ಒಂದೇ ಹರಿವಲ್ಲ, ಐದಾರು ಮುದ್ದೆಗಳು ಅಂತಲೂ ಗೊತ್ತಾಯಿತು.

ಕರೋನಾ ಆಕಾರ ಏನು? ಚೆಂಡಾ, ದೋಸೆಯಾ?

ಇದನ್ನು ಹೇಳಬಲ್ಲ ಒಂದು ಉಪಗ್ರಹವಿದೆ. ಅದನ್ನು ನಾನು ಎಕ್ಸ್‌ಪಿ ಅಂತ ಬರೆದಾಗ, ಅದು ಐಎಕ್ಸ್‌ಪಿಇ ಅಂತ ಒಬ್ಬ ಹುಡುಗ ನನ್ನನ್ನೇ ತಿದ್ದಿದ್ದ. ಹೌದು, 2021ರ ಡಿಸೆಂಬರ್‌ನಲ್ಲಿ ಹಾರಿದ ಐಎಕ್ಸ್‌ಪಿಇ. ಬೆಳಕಿನ ಅಲೆ ಯಾವ ದಿಕ್ಕಿಗೆ ತುಯ್ಯುತ್ತಿದೆ ಅಂತ ಅಳೆಯುವುದು ಅದರ ಕೆಲಸ. ಕರೋನಾ ಚೆಂಡಿನಂತಿದ್ದರೆ ತುಯ್ತಕ್ಕೆ ಇಂಥದೇ ದಿಕ್ಕು ಅಂತ ಇರುವುದಿಲ್ಲ. ಮತ್ತೆ ನಮ್ಮ ಎನ್‌ಜಿಸಿ 4151 ಕಡೆಗೇ ತಿರುಗಿಸಿದರು. ಶೇಕಡ 5ರಷ್ಟು ತುಯ್ತ ಒಂದೇ ದಿಕ್ಕಿಗೆ ಸಿಕ್ಕಿತು. ಅದೂ ಅಲ್ಲಿಂದ ಚಿಮ್ಮುವ, ರೇಡಿಯೋ ಅಲೆಗಳಲ್ಲಿ ಕಾಣುವ ಚಿಲುಮೆಯ (ಜೆಟ್) ದಿಕ್ಕಿಗೆ. ಅಂದರೆ ಕರೋನಾ ತಟ್ಟೆಯ ಮಟ್ಟದಲ್ಲಿ ಹರಡಿಕೊಂಡಿದೆ. ದೋಸೆಯ ಕಡೆಗೇ ವಾಲಿದೆ ಅನ್ನಬಹುದು. ಎಲ್ಲ ಗ್ಯಾಲಕ್ಸಿಯಲ್ಲೂ ಹಾಗೇ ಇರಬೇಕೆಂದಿಲ್ಲ.

ಇದರಲ್ಲಿ ನಮ್ಮವರ ಪಾಲು ಇದೆಯಾ?

ಇದೆ, ಶುರುವಿನಿಂದಲೂ. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹದಲ್ಲೇ ಎಕ್ಸ್‌ರೇ ಖಗೋಳದ ಒಂದು ಪ್ರಯೋಗವಿತ್ತು. ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಮುಂದೆ ನಿಂತು ಕಟ್ಟಿಸಿದವರು ಉಡುಪಿಯ ಅದಮಾರಿನ ಯು. ಆರ್. ರಾವ್. ನಾಲ್ಕೇ ದಿನದಲ್ಲಿ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು.

ಅದರ ನಾಲ್ಕು ದಶಕದ ನಂತರ, 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಹೋಯಿತು. ಅದರ ದೊಡ್ಡ ಗುಣ ಅಂದರೆ ನೇರಳಾತೀತ ಮತ್ತು ಎಕ್ಸ್‌ರೇ ಎರಡನ್ನೂ ಒಟ್ಟಿಗೆ ನೋಡುತ್ತದೆ. ತಟ್ಟೆ ಹೊಳೆಯುವುದು ನೇರಳಾತೀತದಲ್ಲಿ, ಕರೋನಾ ಎಕ್ಸ್‌ರೇಯಲ್ಲಿ ಅಂದೆನಲ್ಲ. ಎರಡೂ ಒಂದೇ ಹೊತ್ತಿಗೆ ಸಿಕ್ಕರೆ ಯಾರು ಯಾರನ್ನು ಕುಣಿಸುತ್ತಿದ್ದಾರೆ ಅಂತ ಕೇಳಬಹುದು. ನೇರಳಾತೀತ ದೂರದರ್ಶಕವನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆ, ಎಕ್ಸ್‌ರೇ ಉಪಕರಣಗಳಲ್ಲಿ ದೊಡ್ಡ ಪಾಲು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾಯಿತು. ಅದು ಮುಖ್ಯವಾಗಿ ನಮ್ಮ ಆಕಾಶಗಂಗೆಯೊಳಗಿನ ಪ್ರಖರ ಮೂಲಗಳಿಗಾಗಿ, ದೂರದ ಗ್ಯಾಲಕ್ಸಿಗಳು ಅದಕ್ಕೆ ತುಂಬ ಮಸುಕು.

ಮನೆಯಲ್ಲೇ ಕೂತು ಈ ಮಾಹಿತಿ ನಾನೂ ನೋಡಬಹುದಾ?

ಧಾರಾಳವಾಗಿ. ಚಂದ್ರಾ, ನೂಸ್ಟಾರ್, ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್, ನಮ್ಮ ಆಸ್ಟ್ರೋಸ್ಯಾಟ್, ಎಲ್ಲದರ ಮಾಹಿತಿಯೂ ಒಂದಷ್ಟು ಕಾಲ ಕಳೆದ ಮೇಲೆ ಎಲ್ಲರಿಗೂ ಮುಕ್ತ, ಪುಕ್ಕಟೆ. ಆಸ್ಟ್ರೋಸ್ಯಾಟ್‌ನ ಕಣಜ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಒಂದು ಮಾಮೂಲಿ ಲ್ಯಾಪ್‌ಟಾಪ್, ಲಿನಕ್ಸ್, ಸ್ವಲ್ಪ ಪೈಥಾನ್, ತುಂಬ ತಾಳ್ಮೆ ಇದ್ದರೆ ಸಾಕು. ಸಾಫ್ಟ್‌ವೇರ್ ಹಾಕಿಕೊಳ್ಳುವುದಕ್ಕೇ ಎರಡು ದಿನ ಹೋಗುತ್ತದೆ, ಹೆದರಬೇಡಿ, ಎಲ್ಲರಿಗೂ ಹೋಗುತ್ತದೆ.

ಫೈಲ್ ತೆರೆದರೆ ಚಿತ್ರ ಕಾಣುವುದಿಲ್ಲ, ಅದನ್ನು ಮೊದಲೇ ಹೇಳಿರುತ್ತೇನೆ. ಕಾಣುವುದು ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಂಥ ಪಟ್ಟಿ. ಒಂದು ಸಾಲಿಗೆ ಒಂದು ಎಕ್ಸ್‌ರೇ ಕಣ: ಎಷ್ಟು ಹೊತ್ತಿಗೆ ಬಂತು, ಕ್ಯಾಮೆರಾದ ಯಾವ ಮನೆಗೆ ಬಿತ್ತು, ಎಷ್ಟು ಶಕ್ತಿ. ಲಕ್ಷಗಟ್ಟಲೆ ಸಾಲು. ಎನ್‌ಜಿಸಿ 4151ರದ್ದನ್ನು ಇಳಿಸಿಕೊಳ್ಳಿ. ಶಕ್ತಿಯ ಕಾಲಂನಲ್ಲಿ 6.4ರ ಆಸುಪಾಸು ಇರುವ ಸಾಲುಗಳನ್ನು ಎಣಿಸಿ, ಆಮೇಲೆ 5.5ರ ಹತ್ತಿರದ್ದನ್ನು ಎಣಿಸಿ. 6.4ರ ಹತ್ತಿರ ಒಂದು ಗುಡ್ಡೆ ಎದ್ದಿರುತ್ತದೆ. ಅದು ಕಬ್ಬಿಣ.